ಪಾ ಖಾಂಪೆಂಗ್ ಕಾಯ್ದ ಸಾಲು

ಹುವಾಯ್ ತಾನ್ ತಾಲೂಕು ಆಸ್ಪತ್ರೆಯ ಮುಂಬಾಗಿಲನ್ನು ಇಪ್ಪತ್ತೆರಡು ವರ್ಷ ತೆರೆದವಳು ಖಾಂಪೆಂಗ್. ಬರೀ ಹೆಸರು ಹಿಡಿದು ಅವಳನ್ನು ಕರೆದವರನ್ನು ನಾನು ಕಂಡಿಲ್ಲ. ಅಮ್ಮನಿಗಿಂತ ದೊಡ್ಡವಳಾದ ಹೆಂಗಸು ನಮ್ಮ ಥಾಯ್ ನಾಡಿನಲ್ಲಿ ಪಾ, ಎಂದರೆ ದೊಡ್ಡಮ್ಮ. ಹಾಗಾಗಿ ನಿನ್ನೆ ಮೊನ್ನೆ ಸೇರಿದ ನರ್ಸಿನಿಂದ ಹಿಡಿದು ತಲೆ ನೆರೆತ ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಪಾ ಖಾಂಪೆಂಗ್. ಕಾಗದದ ಮೇಲೆ ಅವಳ ಕೆಲಸ ಬಾಗಿಲು ತೆಗೆಯುವುದು, ಗಾಲಿಕುರ್ಚಿ ತಳ್ಳುವುದು, ನೆಲ ಒದ್ದೆಯಾದರೆ ಒರೆಸುವುದು. ಯಾವ ಕಾಗದದಲ್ಲೂ ಇಲ್ಲದ ಕೆಲಸ ಇನ್ನೊಂದಿತ್ತು. ನಾನು ಎದುರಿನ ಔಷಧಿ ಕಿಟಕಿಯವಳು. ಕುರ್ಚಿಯಲ್ಲಿ ಕೂತರೆ ಆ ಬಾಗಿಲು ನೇರ ಕಾಣುತ್ತದೆ. ಕಂಡದ್ದನ್ನು ಹೇಳುತ್ತೇನೆ, ಕೇಳಿ.

ರಕ್ತ ಪರೀಕ್ಷೆಗೆ ಬರುವವರು ಬರೀ ಹೊಟ್ಟೆಯಲ್ಲಿ ಬರಬೇಕು. ಕೋಳಿ ಕೂಗುವ ಹೊತ್ತಿಗೇ ಬಂದುಬಿಡುತ್ತಾರೆ. ಬಾಗಿಲು ತೆರೆಯುವುದು ಆರಕ್ಕೆ. ಅಲ್ಲಿಯತನಕ ಮಂಡಿನೋವಿನ ಮುದುಕರು ನಿಂತಿರಲಾದೀತೇ? ಚಪ್ಪಲಿ ಕಳಚಿ ಸಾಲಿಗೆ ಇಡುತ್ತಾರೆ, ತಾವು ಬರಿಗಾಲಲ್ಲಿ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಬಾಯಲ್ಲಿ ಹರಟೆ, ಮಡಿಲಲ್ಲಿ ಬಾಳೆಲೆಯಲ್ಲಿ ಕಟ್ಟಿದ ಅಂಟಕ್ಕಿ ಅನ್ನ, ರಕ್ತ ಕೊಟ್ಟ ಮೇಲೆ ತಿನ್ನಲಿಕ್ಕೆ. ಸಾಲಿನಲ್ಲಿ ಅವರ ಬದಲು ಚಪ್ಪಲಿ ನಿಂತಿರುತ್ತದೆ. ಹಿಮ್ಮಡಿ ಸವೆದದ್ದು, ಬಾರು ಕಿತ್ತು ತಂತಿ ಬಿಗಿದದ್ದು, ಮೊಮ್ಮಗಳ ಗುಲಾಬಿ ಬಣ್ಣದ್ದನ್ನು ಅವಸರಕ್ಕೆ ಮೆಟ್ಟಿಕೊಂಡು ಬಂದದ್ದು. ಯಾವುದು ಯಾರದೆಂದು ಪಾ ಖಾಂಪೆಂಗ್‌ಗೆ ಮುಖ ನೋಡದೆ ಗೊತ್ತಾಗುತ್ತಿತ್ತು. ಮಳೆ ಹನಿದರೆ ಅಷ್ಟನ್ನೂ ಕೈಯಿಂದ ಎತ್ತಿ, ಇದ್ದ ಹಾಗೇ, ಒಂದರ ಹಿಂದೊಂದು ಸೂರಿನಡಿಗೆ ತರುವಳು. ಕಾಲಿನಿಂದ ಸರಿಸಿದ್ದನ್ನು ಯಾರೂ ಕಂಡಿಲ್ಲ.

ಆ ಸಾಲಿನಲ್ಲಿ ಕೆಲವು ಚಪ್ಪಲಿಗಳ ಒಡೆಯರು ಬೆಂಚಿನ ಮೇಲೆ ಇರುತ್ತಿರಲಿಲ್ಲ. ಅವು ಬೆಟ್ಟದವರವು. ಬೆಟ್ಟದ ಮೂರು ಹಳ್ಳಿಗೆ ಇರುವುದು ತಿಪ್ ಎಂಬುವನ ಒಂದೇ ಗಾಡಿ. ತಿರುವು ತಿರುವಿನಲ್ಲಿ ಇಳಿದು ಅದು ನಮ್ಮ ಬಾಗಿಲು ಮುಟ್ಟುವಾಗ ಏಳು ಗಂಟೆ. ರಕ್ತ ತೆಗೆಯುವುದು ಏಳಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುತ್ತದೆ. ಏಳಕ್ಕೆ ಬಂದು ಸಾಲಿನ ಬಾಲ ಹಿಡಿದವರಿಗೆ ಆ ದಿನ ಸರದಿ ಸಿಕ್ಕುವ ಮಾತೇ ಇಲ್ಲ. ಅದಕ್ಕೇ ಬೆಟ್ಟದವರು ಮನೆಗೊಂದು ಹಳೆಯ ಜೋಡನ್ನು ಆಸ್ಪತ್ರೆ ಚಪ್ಪಲಿ ಎಂದು ಎತ್ತಿಟ್ಟಿದ್ದರು. ನಾಳೆ ಬರುವುದಾದರೆ ಇವತ್ತು ಬೆಳಗ್ಗೆಯೇ ಚೀಲಕ್ಕೆ ಹಾಕಿ ತಿಪ್ ಕೈಯಲ್ಲಿ ಅದನ್ನು ಕಳಿಸುವುದು. ಪಾ ಬೆಳಗ್ಗೆ ಎರಡು ಜೊತೆ ಊರಿನವರದು, ಒಂದು ಜೊತೆ ಬೆಟ್ಟದವರದು, ಹೀಗೆ ಹೆಣೆದು ಇಡುವಳು. ಇಡುವ ಮೊದಲು ದಿನವೂ ಬೆಂಚಿನ ಕಡೆ ತಿರುಗಿ ಕೇಳುವಳು.

"ಇವತ್ತು ಬೆಟ್ಟದೋರು ಏಳು ಜನ. ಮಧ್ಯೆ ಮಧ್ಯೆ ಇಡ್ಲಾ?"

"ಇಡು, ಇಡು," ಅನ್ನುವರು ಬೆಂಚಿನವರು.

ಯಾರೂ ಎಲ್ಲೂ ಬರೆದಿಟ್ಟದ್ದಲ್ಲ. ಹಾಗೇ ನಡೆದುಕೊಂಡು ಬಂತು.

ಆ ವರ್ಷ ಚಳಿ ಶುರುವಾದಾಗ ನಗರದ ವಿಶ್ವವಿದ್ಯಾಲಯದಿಂದ ಹನ್ನೆರಡು ಮಂದಿ ವಿದ್ಯಾರ್ಥಿಗಳು ಬಂದರು. ಅವರ ಪಾಠದ ಹೆಸರು ಸೇವಾ ವಿಜ್ಞಾನ. ಬ್ಯಾಂಕಿರಲಿ, ಬಸ್ಸಿರಲಿ, ಆಸ್ಪತ್ರೆಯಿರಲಿ, ಜನ ಬಂದು ಹೋಗುವ ಕಡೆ ಎಲ್ಲಿ ಕಾಯುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡಿ, ಅಳೆದು, ಆ ಸೇವೆಯನ್ನು ಹೊಸದಾಗಿ ಕಟ್ಟುವುದು ಹೇಗೆಂದು ಕಲಿಯುವವರು. ಅವರ ಮೇಡಂ ನಿಪಾವನ್ ಒಂದು ಮಾತು ಹೇಳಿ ಕಳಿಸಿದ್ದರು: ಮೊದಲ ವಾರ ಬರೀ ನೋಡಿ, ಯಾರನ್ನೂ ಮಾತಾಡಿಸಬೇಡಿ, ಮಾತಾಡಿಸಿದರೆ ಜನ ನಡೆಯುವ ರೀತಿ ಬದಲಾಗುತ್ತದೆ. ಹುಡುಗರು ಅದನ್ನು ಅಕ್ಷರಕ್ಕಕ್ಷರ ಪಾಲಿಸಿದರು. ಕೈಗಡಿಯಾರ ಹಿಡಿದು, ಪುಸ್ತಕ ಹಿಡಿದು, ಕಂಬದ ಹಿಂದೆ ನಿಂತರು. ಮುಂದಾಳು ಮುಕ್ ಎಂಬ ಹುಡುಗಿ. ಚುರುಕು, ಮಾತು ಕಡಿಮೆ, ಕಣ್ಣು ಎಲ್ಲ ಕಡೆ. ಅವಳ ಜೊತೆಗಾರ ಕ್ಲಾ.

ಎರಡನೆಯ ದಿನ ಕ್ಲಾ ನೆಲಕ್ಕೆ ಹಳದಿ ಪಟ್ಟಿ ಅಂಟಿಸುತ್ತಿದ್ದ, ಅಳತೆಗೆ. ಒಂದು ಜೊತೆ ಚಪ್ಪಲಿ ಅಡ್ಡ ಬಂತು. ಕೈಯಲ್ಲಿ ಪಟ್ಟಿ ಇತ್ತಲ್ಲ, ಬೂಟಿನ ತುದಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದ. ಬೆಂಚಿನ ಹರಟೆ ತಟ್ಟನೆ ನಿಂತಿತು. ಆ ಚಪ್ಪಲಿಯ ಒಡೆಯ ಪ್ರಯೂನ್ ತಾತ, ಹಳೆಯ ಅಕ್ಕಿ ಗಿರಣಿಯವನು, ಕೂತಲ್ಲಿಂದಲೇ ಕೂಗಿದ.

"ಏನಪ್ಪಾ ತಮ್ಮಾ, ನನ್ನನ್ನೇ ಒದ್ದು ಹಿಂದಕ್ಕೆ ಕಳಿಸ್ತೀಯಾ?"

ಕ್ಲಾ ಬೆಪ್ಪಾಗಿ ಸುತ್ತ ನೋಡಿದ. "ತಾತಾ, ನಾನು ನಿಮ್ಮನ್ನ ಮುಟ್ಟೇ ಇಲ್ಲ."

"ಮತ್ತೆ ಅಲ್ಲಿ ನಿಂತಿರೋದು ಯಾರು? ನನ್ನ ಅತ್ತೇನಾ?"

ಬೆಂಚು ಗೊಳ್ಳೆಂದಿತು. ಪಾ ಖಾಂಪೆಂಗ್ ಬಂದು ಬಗ್ಗಿ, ಚಪ್ಪಲಿಯನ್ನು ಎರಡೂ ಕೈಯಿಂದ ಎತ್ತಿ ಇದ್ದಲ್ಲಿಗೇ ಇಟ್ಟಳು. "ಗೊತ್ತಿಲ್ದೆ ಆಯ್ತು ಬಿಡಿ ತಾತಾ. ಮಗಾ, ಕೈ ಮುಗಿದುಬಿಡು," ಎಂದಳು. ಕ್ಲಾ ಕೈ ಮುಗಿದ. ಆದರೆ ಯಾಕೆ ಎಂದು ಕೇಳಲಿಲ್ಲ. ಮಾತಾಡಿಸಬಾರದಿತ್ತಲ್ಲ.

ಎರಡನೆಯ ವಾರ ಪ್ರಶ್ನೆಯ ಹಾಳೆ ಹಂಚಿದರು. ಕಾಯುವುದು ಕಷ್ಟವಾಗುತ್ತದೆಯೇ, ಏನು ಬದಲಾಗಬೇಕು, ಎಷ್ಟು ತೃಪ್ತಿ. ನಮ್ಮ ಜನ ಗೊತ್ತಲ್ಲ. ಎದುರಿಗೆ ನಿಂತು ನಗುತ್ತಾ ಕಾಗದ ಕೊಟ್ಟವರಿಗೆ ಕಷ್ಟ ಅನ್ನುವುದುಂಟೇ? ದಾಕ್ಷಿಣ್ಯ ನಮ್ಮ ರಕ್ತದಲ್ಲೇ ಇದೆ, ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ ಅಷ್ಟೇ. ಇನ್ನೂರು ಹಾಳೆಯಲ್ಲಿ ನೂರಾ ತೊಂಬತ್ತಕ್ಕೆ 'ಬಹಳ ತೃಪ್ತಿ' ಎಂದು ಗುರುತು ಬಿತ್ತು. ಬೆಟ್ಟದ ಬುವಾಲೋಯ್ ಅಜ್ಜಿಗೆ ಓದು ಬಾರದು. ಅವಳು ಎಲ್ಲ ಚೌಕಕ್ಕೂ ಗುರುತು ಹಾಕಿದಳು, ಯಾರಿಗೂ ಬೇಜಾರಾಗದಿರಲಿ ಎಂದು.

ಆದರೆ ಮುಕ್‌ಳ ಪುಸ್ತಕದಲ್ಲಿ ಒಂದು ಲೆಕ್ಕ ಕೂತಿತ್ತು. ದಿನಕ್ಕೆ ಸರಾಸರಿ ಎಂಟು ಜೊತೆ ಚಪ್ಪಲಿಗೆ ಜನ ಇಲ್ಲ. ಅವನ್ನು ಆಸ್ಪತ್ರೆಯ ಕೆಲಸದವಳೊಬ್ಬಳು ಚೀಲದಿಂದ ತೆಗೆದು ಸಾಲಿನ ಮುಂಭಾಗದಲ್ಲಿ ಇಡುತ್ತಾಳೆ. ಏಳರ ನಂತರ ಕೆಲವರು ಬಂದು, ಕಾಯದೆ, ಆ ಚಪ್ಪಲಿ ಮೆಟ್ಟಿ ಒಳಗೆ ಹೋಗುತ್ತಾರೆ. ಹುಡುಗಿ ಸುಳ್ಳು ಬರೆಯಲಿಲ್ಲ. ಕಂಡದ್ದನ್ನೇ ಬರೆದಳು. ವರದಿ ದೊಡ್ಡ ಡಾಕ್ಟರ್ ಸೊರಾವಿತ್ ಮೇಜಿಗೆ ಹೋಯಿತು. ಅವರು ಪಾ ಖಾಂಪೆಂಗ್‌ಳನ್ನು ಕರೆಸಿದರು. ಔಷಧಿಯ ಪಟ್ಟಿಗೆ ಸಹಿ ಹಾಕಿಸಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ.

"ಪಾ, ಆ ಚಪ್ಪಲಿಗಳನ್ನ ಇಡೋದು ನೀವೇನಾ?"

"ಹೌದು ಡಾಕ್ಟ್ರೇ."

"ಯಾರ ಹೇಳಿಕೆ ಮೇಲೆ?"

ಪಾ ನೆಲ ನೋಡಿದಳು. ಬಾಯಿ ತೆರೆದರೆ ತಿಪ್‌ನ ಹೆಸರು ಬರಬೇಕು, ಬೆಟ್ಟದವರ ಹೆಸರು ಬರಬೇಕು, ಬೆಂಚಿನ ಮುದುಕರ ಹೆಸರೂ ಬರಬೇಕು. "ನನ್ನ ತಲೆಗೆ ಬಂದಂಗೆ ಇಟ್ಟೆ. ತಪ್ಪಾಯ್ತು," ಎಂದು ಕೈ ಮುಗಿದಳು. ಅಷ್ಟೇ.

ಡಾಕ್ಟರ್ ಸೊರಾವಿತ್ ಒಳ್ಳೆಯ ಮನುಷ್ಯ, ಗದರಲಿಲ್ಲ. "ನಿಮ್ಮ ಮೇಲೆ ನಂಗೇನೂ ಅನುಮಾನ ಇಲ್ಲ ಪಾ. ಆದ್ರೆ ಯಾರು ಮುಂದೆ ಯಾರು ಹಿಂದೆ ಅನ್ನೋದು ಒಬ್ಬರ ಕೈಯಲ್ಲಿ ಇರಬಾರದು. ವಿದ್ಯಾರ್ಥಿಗಳು ಟೋಕನ್ ಯಂತ್ರ ತಂದಿದಾರೆ. ಮೂರು ವಾರ ಇಟ್ಟು ನೋಡೋಣ. ಚೆನ್ನಾಗಿ ನಡೆದ್ರೆ ಯಂತ್ರ ಇಲ್ಲೇ ಇರುತ್ತೆ, ನಿಮ್ಮನ್ನ ಹಿಂದಿನ ಲಾಂಡ್ರಿಗೆ ಹಾಕ್ತೀನಿ. ನಡೀದಿದ್ರೆ ಬಾಗಿಲು ನಿಮ್ಮದೇ."

ಲಾಂಡ್ರಿ ಎಂದರೆ ಆಸ್ಪತ್ರೆಯ ಬೆನ್ನಿಗೆ ಅಂಟಿದ ತಗಡಿನ ಕಟ್ಟಡ. ಅಲ್ಲಿಗೆ ಮನುಷ್ಯರು ಬರುವುದಿಲ್ಲ, ಅವರು ಹೊದ್ದ ಬಟ್ಟೆ ಬರುತ್ತದೆ. ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ದಿನಕ್ಕೆ ನೂರಿನ್ನೂರು ಜನರ ಕುಶಲ ಕೇಳಿಯೇ ಬದುಕು ತುಂಬಿಕೊಂಡಿದ್ದವಳಿಗೆ ಅದು ಎಂಥ ಜಾಗ ಎಂದು ನಾನು ಹೇಳಬೇಕಿಲ್ಲ. ಆ ಮಧ್ಯಾಹ್ನ ಅವಳು ನನ್ನ ಕಿಟಕಿಗೆ ಬಂದು, "ಇನ್ನು ಮೂರು ವರ್ಷಕ್ಕೆ ನನ್ನ ನೌಕರಿ ಮುಗಿಯುತ್ತೆ. ಅಷ್ಟು ದಿನ ಈ ಬಾಗಿಲಲ್ಲಿ ಇರೋಕೆ ಬಿಟ್ಟಿದ್ರೆ ಸಾಕಿತ್ತು," ಎಂದಳು.

ಯಂತ್ರ ಬಂತು. ಗುಂಡಿ ಒತ್ತಿದರೆ ನಂಬರಿನ ಚೀಟಿ, ಗೋಡೆಯ ಪರದೆಯ ಮೇಲೆ ಸರದಿಯ ನಂಬರು. ಬಂದವರು ಒತ್ತಿದರು, ಚೀಟಿ ಹಿಡಿದು ಕೂತರು, ಚಪ್ಪಲಿ ಕಾಲಲ್ಲೇ ಉಳಿಯಿತು. ಮೂರನೆಯ ವಾರ ಮುಗಿಯುತ್ತಾ ಬಂದಾಗ ಮುಕ್ ನನ್ನ ಕಿಟಕಿಗೆ ಓಡಿ ಬಂದಳು. "ಅಕ್ಕಾ, ಇಲ್ನೋಡಿ! ಕಾಯೋ ಹೊತ್ತು ಎರಡು ಗಂಟೆ ಇದ್ದಿದ್ದು ಐವತ್ತು ನಿಮಿಷಕ್ಕೆ ಇಳಿದಿದೆ!" ಹುಡುಗಿಯ ಮುಖ ಅರಳಿತ್ತು. ಪಕ್ಕದಲ್ಲಿ ಪಾ ಖಾಂಪೆಂಗ್ ನಿಂತಿದ್ದಳು. ಅವಳು ನನ್ನನ್ನು ಏನೋ ಕೇಳಲೆಂದು ಮೊದಲೇ ಬಂದಿದ್ದಳು.

"ಬುವಾಲೋಯ್ ಅಜ್ಜಿ ಈ ತಿಂಗಳು ಮಾತ್ರೆ ತಗೊಂಡ್ಳಾ?" ಎಂದಳು.

ನಾನು ಔಷಧಿಯ ಪುಸ್ತಕ ತೆರೆದು ನೋಡಿದೆ. ಇಲ್ಲ.

"ಮೇಲಿನ ಹಳ್ಳಿಯ ಖಾಮ್‌ಫು?" ಇಲ್ಲ. "ಅವನ ನಾದಿನಿ?" ಇಲ್ಲ. ಅವಳು ಒಂದೊಂದೇ ಹೆಸರು ಹೇಳುತ್ತಾ ಹೋದಳು, ಬೆರಳು ಮಡಿಸುತ್ತಾ. ಅವಳು ಹೆಸರಿಸಿದ ಹತ್ತೊಂಬತ್ತು ಬೆಟ್ಟದವರಲ್ಲಿ ಔಷಧಿ ಒಯ್ದವರು ಇಬ್ಬರು.

ಮುಕ್ ನಮ್ಮಿಬ್ಬರ ಮುಖ ನೋಡಿದಳು. "ಯಾರಿವರೆಲ್ಲ?"

"ನಿನ್ನ ಪುಸ್ತಕದಲ್ಲಿ ಜನ ಇಲ್ದೆ ಚಪ್ಪಲಿ ಇದ್ವಲ್ಲ, ಅವರು," ಎಂದಳು ಪಾ. "ಏಳಕ್ಕೆ ಬಂದು ಗುಂಡಿ ಒತ್ತಿದ್ರೆ ತೊಂಬತ್ತನೇ ನಂಬರು. ಎಂಟೂವರೆಗೆ ಅರವತ್ತೂ ದಾಟಲ್ಲ. ನಾಳೆ ಬನ್ನಿ ಅಂತಾರೆ, ಇವರು ಆಯ್ತು ಅಂತ ಕೈ ಮುಗಿದು ಹೋಗ್ತಾರೆ. ಎರಡು ಸಲ ಬಂದ್ರು, ಆಮೇಲೆ ಬರಲಿಲ್ಲ. ಕಾಯೋರೇ ಬರದಿದ್ರೆ ಕಾಯೋ ಹೊತ್ತು ಕಮ್ಮಿ ಆಗೇ ಆಗುತ್ತೆ ಮಗಳೇ."

ಹುಡುಗಿ ಕೈಯಲ್ಲಿದ್ದ ಕಾಗದವನ್ನು ಮಡಿಸಿದಳು. "ಮೂರು ವಾರ ನೀವು ಯಾಕೆ ಹೇಳ್ಲಿಲ್ಲ ಪಾ?" ಎಂದಳು.

"ನೀನು ಕೇಳ್ಲಿಲ್ಲ. ನಂಗೂ ದಾಕ್ಷಿಣ್ಯ."

ಮಾರನೆಯ ದಿನ ಶನಿವಾರ, ಪಾಗೆ ರಜೆ. ಹನ್ನೊಂದೂವರೆಗೆ ಹೊರಟ ತಿಪ್‌ನ ಗಾಡಿಯಲ್ಲಿ ಅವಳ ಜೊತೆ ಮುಕ್ ಕೂತಳು, ನಾನೂ ಹತ್ತಿದೆ. ತಿಪ್ ದಾರಿಯುದ್ದಕ್ಕೂ ಹುಡುಗಿಯನ್ನು ಕಾಡಿದ.

"ನಂಬರ್ ಚೀಟಿ ತಗೊಂಡು ಹತ್ತಿದೀಯಾ ತಾಯೀ? ಇಲ್ಲಾಂದ್ರೆ ಇಳಿಸಿಬಿಡ್ತೀನಿ."

"ಸುಮ್ನಿರೋ ತಿಪ್, ಹುಡುಗಿ ಮೊದಲೇ ತಿರುವಿಗೆ ಹೆದರಿ ಕಂಬಿ ಹಿಡ್ಕೊಂಡು ಕೂತಿದಾಳೆ," ಎಂದಳು ಪಾ.

ಬುವಾಲೋಯ್ ಅಜ್ಜಿ ಅಟ್ಟಣೆಯ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸಕ್ಕರೆ ಕಾಯಿಲೆಯವಳು. ಹುಣ್ಣು ಒಣಗದೆ ಎರಡು ವಾರವಾಗಿತ್ತು. ನಮ್ಮನ್ನು ಕಂಡದ್ದೇ ಅಂಟಕ್ಕಿ ಅನ್ನದ ಬುಟ್ಟಿ ಇಳಿಸಿ, ಸುಟ್ಟ ಮೆಣಸಿನಕಾಯಿಯ ಚಟ್ನಿ ಮುಂದಿಟ್ಟಳು. ಮುಕ್ ಆ ಬಟ್ಟೆಯನ್ನೇ ನೋಡುತ್ತಿದ್ದಳು.

"ಅಜ್ಜೀ, ಸರದಿ ಸಿಗದೆ ವಾಪಸ್ಸಾದಾಗ ತೊಂದರೆ ಆಗ್ತಿದೆ ಅಂತ ಹೇಳಬಹುದಿತ್ತಲ್ಲ?"

"ಅಯ್ಯೋ ಮಗಳೇ, ಚಳೀಲಿ ಎಷ್ಟು ಹೊತ್ತು ನಿಂತಿದ್ರಿ ಪಾಪ, ಮೂಗು ಕೆಂಪಗಾಗಿತ್ತು. ಅಂಥ ಮಕ್ಕಳಿಗೆ ನಿಮ್ಮ ಕೆಲಸ ಸರಿಯಿಲ್ಲ ಅಂತ ಹೇಳೋಕಾಗುತ್ತಾ?" ಎಂದ ಅಜ್ಜಿ ಪಾ ಕಡೆ ತಿರುಗಿದಳು. "ಇದೇನು ಹೊಸದಲ್ಲ ಬಿಡು. ಹೋದ ಮಳೆಗಾಲ ನೀನು ಡೆಂಗಿ ಬಂದು ಮಲಗಿದ್ಯಲ್ಲ, ಆಗಲೂ ಎರಡು ಸಲ ಬಂದು ವಾಪಸ್ಸಾದೆ. ಚಪ್ಪಲಿ ಚೀಲದಲ್ಲೇ ಇತ್ತು. ಹುಣ್ಣು ಶುರುವಾಗಿದ್ದೂ ಆಗಲೇ, ಆಮೇಲೆ ಒಣಗಿ, ಈಗ ಮತ್ತೆ ಬಿರಿದಿದೆ. ನಿಂಗೆ ಹೇಳಿದ್ರೆ ನೊಂದ್ಕೋತೀಯಾ ಅಂತ ಹೇಳಿರ್ಲಿಲ್ಲ."

ಪಾ ಖಾಂಪೆಂಗ್ ಕೈಯಲ್ಲಿದ್ದ ತುತ್ತು ಬುಟ್ಟಿಗೆ ಮರಳಿತು. ಆಮೇಲೆ ಅವಳು ಊಟ ಮಾಡಲಿಲ್ಲ.

ರಾತ್ರಿ ಅಲ್ಲೇ ಉಳಿದು, ಮಾರನೆಯ ಬೆಳಗ್ಗೆ ಗಾಡಿಯಲ್ಲಿ ಇಳಿಯುವಾಗ ಮುಕ್ ಅವಳ ತೋಳು ಹಿಡಿದಳು. "ಪಾ, ಸೋಮವಾರದ ಸಭೆಲಿ ನಮ್ಮ ಯಂತ್ರ ಸೋತಿದೆ ಅಂತ ನಾನೇ ಹೇಳ್ತೀನಿ. ವಾಪಸ್ ತಗೊಂಡು ಹೋಗ್ತೀವಿ. ನೀವು ಬಾಗಿಲಲ್ಲೇ ಇರಿ."

ಪಾ ಬೆಟ್ಟದ ಕಡೆ ನೋಡುತ್ತಾ ಕೂತಳು. ಬೇಕಾದ್ದು ತಾನಾಗಿ ಮಡಿಲಿಗೆ ಬಿದ್ದಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ. ಅವಳು ಮಾತ್ರ, "ನಂಗೆ ಜ್ವರ ಬಂದ್ರೆ ಅವಳ ಕಾಲಿಗೆ ಹುಣ್ಣು ಬರೋದು ಯಾವ ನ್ಯಾಯ?" ಎಂದಳು, ಯಾರಿಗೆಂದು ತಿಳಿಯದ ಹಾಗೆ.

ಸೋಮವಾರ ಸಭೆ. ಗೋಡೆಯ ತುಂಬ ವಿದ್ಯಾರ್ಥಿಗಳು ಬರೆದ ಉದ್ದನೆಯ ಚಿತ್ರ. ರೋಗಿ ಗೇಟಿನಿಂದ ಒಳಗೆ ಬಂದು, ಬಾಗಿಲು, ಕಿಟಕಿ, ರಕ್ತ, ಡಾಕ್ಟರು, ಔಷಧಿ ಎಂದು ಹೊರಗೆ ಹೋಗುವ ತನಕದ ದಾರಿ, ಬಣ್ಣ ಬಣ್ಣದ ಚೀಟಿ ಅಂಟಿಸಿ. ಮೇಡಂ ನಿಪಾವನ್, ಡಾಕ್ಟರ್ ಸೊರಾವಿತ್, ನಾವೆಲ್ಲ ಕೂತಿದ್ದೆವು. ಮುಕ್ ಎದ್ದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ಪಾ ಖಾಂಪೆಂಗ್ ಕೈ ಮುಗಿದಳು. ದೊಡ್ಡವರ ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು.

"ಮೇಡಂ, ಬಹಳ ಚೆಂದ ಬರೆದಿದಾರೆ. ಆದ್ರೆ ಇದರಲ್ಲಿ ತಿಪ್‌ನ ಗಾಡಿ ಎಲ್ಲಿದೆ?"

ಯಾರಿಗೂ ಅರ್ಥವಾಗಲಿಲ್ಲ. ಅವಳು ಮುಂದೆ ಬಂದು, ಚಿತ್ರದ ಗೇಟಿನಿಂದ ಆಚೆ, ಬರೀ ಗೋಡೆಯ ಮೇಲೆ ಕೈ ಇಟ್ಟಳು. "ಬುವಾಲೋಯ್ ಅಜ್ಜಿಯ ಆಸ್ಪತ್ರೆ ಶುರು ಆಗೋದು ಇಲ್ಲಿ. ಹಿಂದಿನ ದಿನ ಬೆಳಗ್ಗೆ." ಆಮೇಲೆ ಎಲ್ಲವನ್ನೂ ಹೇಳಿದಳು. ಚೀಲ, ಆಸ್ಪತ್ರೆ ಚಪ್ಪಲಿ, ಎರಡರ ಹಿಂದೊಂದು ಜೋಡು, ತನ್ನ ಡೆಂಗಿಯ ಹದಿನಾರು ದಿನ, ಹೆಬ್ಬೆರಳ ಹುಣ್ಣು. ಡಾಕ್ಟರು ಪೆನ್ನು ಕೆಳಗಿಟ್ಟರು. ಮೇಡಂ ನಿಪಾವನ್ ತಲೆ ತಗ್ಗಿಸಿ, "ಮಾತಾಡಿಸಬೇಡಿ ಅಂತ ಹೇಳಿದ್ದು ನಾನು. ಒಂದು ವಾರಕ್ಕೆ ಹೇಳಿದ್ದು ಪೂರ್ತಿ ಅಭ್ಯಾಸವಾಗಿಬಿಡ್ತು," ಎಂದರು.

"ಹಾಗಾದ್ರೆ ಯಂತ್ರ ತೆಗೆದುಬಿಡೋಣ," ಎಂದರು ಡಾಕ್ಟರು. ಮುಕ್ ಸಮಾಧಾನದಿಂದ ಪಾ ಮುಖ ನೋಡಿದಳು.

"ಬೇಡ ಡಾಕ್ಟ್ರೇ," ಎಂದಳು ಪಾ. "ಯಂತ್ರಕ್ಕೆ ಜ್ವರ ಬರಲ್ಲ. ಮೂರರಲ್ಲಿ ಒಂದು ನಂಬರು ಬೆಟ್ಟಕ್ಕೆ ಅಂತ ಎತ್ತಿಡೋಕೆ ಅದಕ್ಕೆ ಹೇಳಿಕೊಡಿ. ಎಷ್ಟು ಜನ ಬರ್ತಾರೆ ಅಂತ ತಿಪ್ ಹಿಂದಿನ ಸಂಜೆ ಫೋನ್ ಮಾಡ್ಲಿ. ಏಳೂಕಾಲಿನ ತನಕ ಅವರ ನಂಬರು ಕಾಯ್ಲಿ. ಬರದಿದ್ರೆ ಊರಿನವರಿಗೆ ಬಿಡ್ಲಿ. ಮಳೇಲಿ ಗಾಡಿ ತಡ ಆದ್ರೆ ಅವನು ದಾರೀಲೇ ತಿಳಿಸ್ಲಿ. ಆದ್ರೆ ಮೊದಲು ಬೆಂಚಿನವರನ್ನ ಒಂದು ಮಾತು ಕೇಳ್ಬೇಕು. ಅವರ ಹೊತ್ತು ಅದು, ನಮ್ಮದಲ್ಲ."

ಡಾಕ್ಟರ್ ಸೊರಾವಿತ್ ಪೆನ್ನು ಮತ್ತೆ ಕೈಗೆತ್ತಿಕೊಂಡರು. "ಇದನ್ನೆಲ್ಲ ಯಂತ್ರ ಮಾಡಿದ್ರೆ ಬಾಗಿಲಲ್ಲಿ ನಿಮಗೇನು ಕೆಲಸ ಉಳೀತು ಪಾ?"

"ಏನೂ ಉಳಿಯಲ್ಲ. ಅದು ಗೊತ್ತಿದ್ದೇ ಹೇಳ್ದೆ."

ಮುಕ್ ಅಲ್ಲೇ ಅತ್ತುಬಿಟ್ಟಳು. ಬಾಗಿಲಲ್ಲೇ ಬೇರೆ ಏನಾದರೂ ಕೆಲಸ ಹುಡುಕಿ ಎಂದು ಮೇಡಂ ಕೇಳಿದರು, ನಾನೂ ಕೇಳಿದೆ. ಲಾಂಡ್ರಿಯಲ್ಲಿ ಎರಡು ಜಾಗ ಖಾಲಿ ಬಿದ್ದು ವರ್ಷವಾಗಿತ್ತು, ಒಗೆಯದ ಹೊದಿಕೆ ರಾಶಿ ಬಿದ್ದಿತ್ತು. ಡಾಕ್ಟರು ಕೈ ಚೆಲ್ಲಿದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು, ಅದೇ ಕಷ್ಟ.

ಬೆಂಚಿನವರನ್ನು ಕೇಳುವ ಕೆಲಸ ಕ್ಲಾಗೆ ಬಂತು. ಈ ಸಲ ಪ್ರಶ್ನೆಯ ಹಾಳೆ ಹಂಚಲಿಲ್ಲ. ಬೂಟು ಬಿಚ್ಚಿ ಬೆಂಚಿನ ಮೇಲೆ ಅವರ ನಡುವೆಯೇ ಕೂತು ಕೇಳಿದ. ಪ್ರಯೂನ್ ತಾತ ಅವನ ಬೆನ್ನಿಗೆ ಗುದ್ದಿದ. "ಇಪ್ಪತ್ತೆರಡು ವರ್ಷದಿಂದ ಇಡು ಇಡು ಅಂತಿದೀವಿ, ಈಗ ಬಂದು ಇಡ್ಲಾ ಅಂತೀಯಲ್ಲೋ! ಒಂದು ಮಾತು ಬರ್ಕೋ. ನನ್ನ ಮುಂದೆ ಬೆಟ್ಟದೋರು ಎಷ್ಟು ಜನ ಅಂತ ಆ ಪರದೆ ಮೇಲೆ ಬರಲಿ. ಪಾ ದಿನಾ ಹೇಳ್ತಿದ್ಲು. ಹೇಳಿದ್ರೆ ಹೊಟ್ಟೆ ಹಸಿಯಲ್ಲ." ಒಬ್ಬ ಹೆಂಗಸು ಮಾತ್ರ, ತನಗೆ ಕೂಲಿಗೆ ಹೊತ್ತಾಗುತ್ತದೆ, ಮೂರರಲ್ಲಿ ಒಂದು ಹೆಚ್ಚಾಯಿತು ಎಂದಳು. ಇಷ್ಟು ವರ್ಷ ಬಾಯಿಬಿಡದೆ ಇದ್ದವಳು. ಕ್ಲಾ ಅದನ್ನೂ ಬರೆದುಕೊಂಡ. ಕೂಲಿಗೆ ಹೋಗುವವರಿಗೆ ಬೇರೆ ದಾರಿ ಏನು ಎಂದು ಆ ಹುಡುಗರು ಇನ್ನೂ ತಲೆ ಕೆಡಿಸಿಕೊಂಡಿದ್ದಾರೆ.

ಆ ವಾರವೇ ಪಾ ಖಾಂಪೆಂಗ್ ಲಾಂಡ್ರಿಗೆ ಹೋದಳು. ಬುವಾಲೋಯ್ ಅಜ್ಜಿಗೆ ಹನ್ನೆರಡನೆಯ ನಂಬರು ಬಂತು. ರಕ್ತ ಕೊಟ್ಟಳು, ಮಾತ್ರೆ ಒಯ್ದಳು, ಹೆಬ್ಬೆರಳಿಗೆ ವಾರಕ್ಕೆರಡು ಸಲ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಾಳೆ. ಬೆರಳು ಉಳಿಯುತ್ತದೆ ಎಂದಿದ್ದಾರೆ ಡಾಕ್ಟರು.

ಮೊನ್ನೆ ನಾನು ಊಟದ ಡಬ್ಬಿ ಹಿಡಿದು ಲಾಂಡ್ರಿಗೆ ಹೋಗಿದ್ದೆ. ಯಂತ್ರಗಳ ಗರಗರದಲ್ಲಿ ಮಾತು ಕೇಳಿಸುವುದಿಲ್ಲ, ಕೂಗಿಯೇ ಆಡಬೇಕು.

"ಬೇಜಾರಾಗಲ್ವಾ ಪಾ?" ಎಂದು ಕೂಗಿದೆ.

"ಆಗುತ್ತೆ! ಸುಳ್ಳು ಯಾಕೆ ಹೇಳ್ಲಿ?" ಎಂದು ಅವಳೂ ಕೂಗಿದಳು. "ಮೊದಲ ವಾರ ದಿನಾ ಅತ್ತೆ. ಈಗ ದಿನಾ ಇಲ್ಲ." ಹೊದಿಕೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಎರಡು ಕಡೆ ಹಿಡಿದು ಜಗ್ಗಿ, ಮಡಿಸಿ, ಹತ್ತಿರ ಬಂದೆವು. ಹತ್ತಿರ ಬಂದಾಗ ಕೂಗಬೇಕಿರಲಿಲ್ಲ.

"ಇವತ್ತು ಬೆಟ್ಟದೋರು ಎಷ್ಟು ಜನ ಬಂದಿದ್ರು?" ಎಂದು ಕೇಳಿದಳು.

"ಹನ್ನೊಂದು."

ಅವಳು ಯಾರು ಯಾರು ಎಂದು ಕೇಳಿದಳು. ನಾನು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದೆ. ಹನ್ನೊಂದು ಹೆಸರು ಮುಗಿಯುವವರೆಗೆ ಅವಳು ಇನ್ನೊಂದು ಹೊದಿಕೆಗೆ ಕೈ ಹಾಕಲಿಲ್ಲ.